ಕೂಸು ತಲೆ ಮೇಲೆ ಮಾಡಿ ಕೂತಿದೆಯೇ? ಹೆರಿಗೆಯ ದಾರಿ ಹೀಗೆ ಗೊತ್ತುಮಾಡಿ

ಕುಬಸ ಮುಗಿಸಿಕೊಂಡು ತವರಿಗೆ ಬಂದ ಮಗಳ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಬ್ರೀಚ್’ (ಕೂಸಿನ ತಲೆ ಮೇಲೆ, ಕುಂಡಿಯೋ ಕಾಲೋ ಕೆಳಗೆ) ಅಂತ ಕಂಡರೆ ಸಾಕು, ಪಡಸಾಲೆಯಲ್ಲಿ ಪಂಚಾಯ್ತಿ ಶುರುವಾಗುತ್ತದೆ. ‘ನಮ್ಮ ಕಾಲದಾಗ ಕಾಲು ಮುಂದಾಗಿ ಎಷ್ಟೋ ಹುಟ್ಯಾವ’ ಎಂದು ಅಜ್ಜಿ. ‘ಇವತ್ತ ಆಪರೇಷನ್ ಮಾಡಿಸಿ ಮುಗಿಸ್ರಿ’ ಎಂದು ಕಾಕಾ. ಕೂಸನ್ನು ಹೊತ್ತವಳು ಮಾತ್ರ ಒಳಗೆ ಸುಮ್ನೆ ಕೂತಿರುತ್ತಾಳೆ.

ಹುಬ್ಬಳ್ಳಿ, ಗದಗ ಕಡೆಯ ಹೆರಿಗೆ ವಾರ್ಡುಗಳಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ಬ್ರೀಚ್‌ನಿಂದ ಆದ ತೊಂದರೆಗಿಂತ ತಡವಾದ ತೀರ್ಮಾನದಿಂದ ಆದ ತೊಂದರೆಯನ್ನೇ ಜಾಸ್ತಿ ನೋಡಿದ್ದೇನೆ. ಒಮ್ಮೆ ರೋಣದ ಕಡೆಯಿಂದ ಒಬ್ಬಳು ನಡುರಾತ್ರಿ ಟಂಟಂನಲ್ಲಿ ಬಂದಳು. ಕೂಸಿನ ಒಂದು ಕಾಲು ಆಗಲೇ ಹೊರಗಿತ್ತು. 36ನೇ ವಾರದ ಸ್ಕ್ಯಾನಿನಲ್ಲೇ ವಿಷಯ ಗೊತ್ತಾಗಿತ್ತು. ಆದರೆ ಗಂಡನ ಮನೆಯವರಿಗೆ ಒಂದು ಆಸ್ಪತ್ರೆ ಬೇಕು, ತವರಿನವರಿಗೆ ಇನ್ನೊಂದು. ಆ ಜಗ್ಗಾಟದಲ್ಲಿ ಮೂರು ವಾರ ಹೋಗಿತ್ತು. ದಾರಿಯಲ್ಲಿ ಯಾರೋ ಕಾಲು ಹಿಡಿದು ಎಳೆದಿದ್ದರು. ಕೂಸು ಬದುಕಿತು, ತೊಡೆಯ ಎಲುಬು ಮುರಿದಿತ್ತು. ಎಳೆಯ ಎಲುಬು ಬೇಗ ಕೂಡುತ್ತದೆ, ಕೂಡಿತು. ಆ ತಾಯಿಯ ಮುಖ ಮಾತ್ರ ನನಗೆ ಇನ್ನೂ ಮರೆತಿಲ್ಲ.

ಹಂತ 1: ತಿಂಗಳು ಬಿಡಿ, ವಾರ ಎಣಿಸಿ

28ನೇ ವಾರದಲ್ಲಿ ನಾಲ್ಕೈದು ಕೂಸುಗಳಲ್ಲಿ ಒಂದು ತಲೆ ಮೇಲೆ ಮಾಡಿಕೊಂಡೇ ಇರುತ್ತದೆ. ದಿನ ತುಂಬುವ ಹೊತ್ತಿಗೆ ಹಾಗೇ ಉಳಿಯುವುದು ನೂರಕ್ಕೆ ಮೂರೋ ನಾಲ್ಕೋ. ಹಾಗಾಗಿ ಏಳನೇ ತಿಂಗಳ ರಿಪೋರ್ಟ್ ಹಿಡಿದು ಅಳಬೇಡಿ. 36ನೇ ವಾರದಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ‘ಒಂಬತ್ತರಾಗ ಬಿದ್ದಾಳ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿನ ದಿನಾಂಕವೇ ಗಟ್ಟಿ. ಆ ರಿಪೋರ್ಟ್, ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ ಮೂರನ್ನೂ ತವರಿಗೆ ತನ್ನಿ. ಅರ್ಧ ಜನ ಇದನ್ನು ಗಂಡನ ಮನೆಯ ಟ್ರೆಜರಿಯಲ್ಲೇ (ಕಬ್ಬಿಣದ ಕಪಾಟಿನಲ್ಲೇ) ಬಿಟ್ಟು ಬರುತ್ತಾರೆ.

ಹಂತ 2: ಯಾವ ಬ್ರೀಚ್ ಅಂತ ಕೇಳಿ

ಬರೀ ‘ಬ್ರೀಚ್’ ಅಂತ ಬರೆದಿದ್ದರೆ ಅದು ಅರ್ಧ ಸುದ್ದಿ. ಕುಂಡಿ ಕೆಳಗಿದ್ದು ಕಾಲು ನೆಟ್ಟಗೆ ಮೇಲಕ್ಕೆ, ಪಾದ ಮುಖದ ಹತ್ತಿರ ಇದ್ದರೆ ಅದು ಫ್ರ್ಯಾಂಕ್. ದಿನ ತುಂಬಿದವುಗಳಲ್ಲಿ ಹೆಚ್ಚಿನವು ಇವೇ. ಚಕ್ಕಳಮಕ್ಕಳ ಹಾಕಿ ಕೂತಿದ್ದರೆ ಕಂಪ್ಲೀಟ್. ಒಂದು ಕಾಲೋ ಎರಡೂ ಕಾಲೋ ಕೆಳಗೆ ಇಳಿಬಿಟ್ಟಿದ್ದರೆ ಫುಟ್ಲಿಂಗ್. ಈ ಮೂರನೆಯದೇ ಅಪಾಯದ್ದು. ಕುಂಡಿ ಆದರೆ ಗರ್ಭಚೀಲದ ಬಾಯಿಗೆ ಬಿರಡೆ ಜಡಿದ ಹಾಗೆ ಕೂರುತ್ತದೆ. ಕಾಲಿನ ಪಕ್ಕದಲ್ಲಿ ಸಂದು ಉಳಿಯುತ್ತದೆ. ನೀರು ಒಡೆದಾಗ ಆ ಸಂದಿನಿಂದ ಹೊಕ್ಕುಳ ಬಳ್ಳಿ ಜಾರಿ ಬರಬಹುದು. ಫುಟ್ಲಿಂಗ್ ಇದ್ದರೆ ಸಹಜ ಹೆರಿಗೆಯ ಮಾತು ಅಲ್ಲಿಗೆ ಬಿಡಿ.

‘ಕೂಸು ಅಡ್ಡ ಐತಿ’ ಅನ್ನುವುದು ಬೇರೆ. ನಮ್ಮ ಕಡೆ ಎರಡನ್ನೂ ಕಲಸಿ ಹೇಳುತ್ತಾರೆ. ಹೆರಿಗೆ ಹೊತ್ತಿಗೂ ಪೂರ್ತಿ ಅಡ್ಡವೇ ಇರುವ ಕೂಸು ಕೆಳಗಿನಿಂದ ಬರುವುದೇ ಇಲ್ಲ.

ಅದೇ ಸ್ಕ್ಯಾನಿನಲ್ಲಿ ಇನ್ನೂ ನಾಲ್ಕು ಸಂಗತಿ ಕೇಳಿ: ಕೂಸಿನ ತಲೆ ಎದೆಗೆ ಬಾಗಿದೆಯೋ ಮೇಲೆ ನೋಡುತ್ತಿದೆಯೋ, ಅಂದಾಜು ತೂಕ ಎಷ್ಟು, ನೀರು ಸಾಕಷ್ಟಿದೆಯೇ, ಮಾಸು ಎಲ್ಲಿದೆ. (ರಿಪೋರ್ಟಿನಲ್ಲಿ ನೀರಿಗೆ ‘ಲಿಕ್ಕರ್’ ಎಂದಿರುತ್ತದೆ. ಅದನ್ನು ನೋಡಿ ಹೆಂಡತಿಯನ್ನು ಗದರಿದ ಗಂಡನನ್ನೂ ಕಂಡಿದ್ದೇನೆ.) ತೂಕದ ಅಂದಾಜು ನೂರಕ್ಕೆ ಹತ್ತರಷ್ಟು ಆಚೀಚೆ ಆಗುವುದು ಮಾಮೂಲು.

ಹಂತ 3: ತಿರುಗಿಸಬಹುದೇ ಅಂತ ಕೇಳಿ

ಇದನ್ನು ಕೇಳುವವರೇ ಇಲ್ಲ. ವೈದ್ಯರು ಹೊಟ್ಟೆಯ ಮೇಲಿನಿಂದಲೇ ಎರಡೂ ಕೈಯಲ್ಲಿ ಒತ್ತಿ, ಕೂಸನ್ನು ಲಾಗ ಹಾಕಿಸಿದ ಹಾಗೆ ತಲೆ ಕೆಳಗೆ ತರುತ್ತಾರೆ. ಇದಕ್ಕೆ ಇಸಿವಿ ಅನ್ನುತ್ತಾರೆ. ಚೊಚ್ಚಲಿಗೆ 36 ವಾರ ತುಂಬಿದ ಮೇಲೆ, ಹಿಂದೆ ಹೆತ್ತವರಿಗೆ 37ರ ಮೇಲೆ ಮಾಡುತ್ತಾರೆ. ಸುಮಾರು ಅರ್ಧದಷ್ಟು ಸಲ ಕೂಸು ತಿರುಗುತ್ತದೆ. ಹಿಂದೆ ಹೆತ್ತವರಲ್ಲಿ ಇನ್ನೂ ಚೆನ್ನಾಗಿ. ಒಮ್ಮೆ ತಿರುಗಿದ್ದು ಮತ್ತೆ ಮೇಲಾಗುವುದು ಅಪರೂಪ. ಮೊದಲು ಗರ್ಭಚೀಲ ಸಡಿಲ ಮಾಡುವ ಚುಚ್ಚುಮದ್ದು ಕೊಡುತ್ತಾರೆ. ಮುಂಚೆಯೂ ಆಮೇಲೂ ಕೂಸಿನ ಎದೆಬಡಿತದ ಪಟ್ಟಿ ತೆಗೆಯುತ್ತಾರೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕು. ಹೊಟ್ಟೆ ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸುಮಾರು ಇನ್ನೂರರಲ್ಲಿ ಒಬ್ಬರಿಗೆ ತುರ್ತಾಗಿ ಸಿಸೇರಿಯನ್ ಬೇಕಾಗುತ್ತದೆ. ಅದಕ್ಕೇ ಇದನ್ನು ಆಪರೇಷನ್ ಥಿಯೇಟರ್ ಪಕ್ಕದಲ್ಲಿರುವ ಕಡೆ ಮಾತ್ರ ಮಾಡಿಸಿ.

ಅವಳಿ, ಮಾಸು ಬಾಯಿಗೆ ಅಡ್ಡ ಇರುವುದು, ಇತ್ತೀಚೆಗೆ ರಕ್ತ ಹೋಗಿರುವುದು, ನೀರು ಒಡೆದಿರುವುದು: ಇಂಥವರಿಗೆ ಇದು ಆಗದು. ‘ನಾನು ಇದನ್ನು ಮಾಡುವುದಿಲ್ಲ’ ಎಂದು ವೈದ್ಯರು ಅಂದರೆ ಅದೂ ಪ್ರಾಮಾಣಿಕ ಉತ್ತರವೇ. ‘ಮಾಡುವವರಿಗೆ ಚೀಟಿ ಬರೆದು ಕೊಡ್ರಿ’ ಅನ್ನಿ, ಮುಜುಗರ ಬೇಡ.

ಈಗ ಅಡ್ಡದಾರಿಗಳ ಮಾತು. ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿ ಕೂಸು ತಿರುಗಿಸುತ್ತೇನೆ ಅನ್ನುವವರನ್ನು ಮನೆಯೊಳಗೆ ಬಿಡಬೇಡಿ. ಮಾಸು ಕಿತ್ತು ಬಂದರೆ ಅವರ ಹತ್ತಿರ ಥಿಯೇಟರ್ ಇಲ್ಲ. ಮಂಡಿಯೂರಿ ಕುಂಡಿ ಎತ್ತಿ ಮಲಗುವುದರಿಂದ ಕೂಸು ತಿರುಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಕೇಡೂ ಇಲ್ಲ, ಮನಸ್ಸಿದ್ದರೆ ಮಾಡಿ. ಹೊಟ್ಟೆಯ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯುವುದು, ಹಾಡು ಹಾಕುವುದು ಕೂಡ ಅಷ್ಟೇ. ಆನ್‌ಲೈನಿನಲ್ಲಿ ಮಾರುವ, ಮನೆಯಲ್ಲೇ ಎದೆಬಡಿತ ಕೇಳುವ ಯಂತ್ರಕ್ಕೆ ಮಾತ್ರ ದುಡ್ಡು ಹಾಕಲೇಬೇಡಿ. ತಾಯಿಯ ನಾಡಿಯನ್ನೇ ಕೂಸಿನದು ಅಂದುಕೊಂಡು ಆರಾಮ ಇರುವವರನ್ನು ನೋಡಿ ಸಾಕಾಗಿದೆ.

ಹಂತ 4: ತಿರುಗಲಿಲ್ಲ. ಈಗ ಯಾವ ದಾರಿ?

ಜನ ಎಡವುವುದು ಇಲ್ಲೇ. ‘ನಾರ್ಮಲ್ ಒಳ್ಳೇದೋ ಆಪರೇಷನ್ ಒಳ್ಳೇದೋ’ ಎಂಬ ಪ್ರಶ್ನೆ ಹಿಡಿದು ಕೂರುತ್ತಾರೆ. ಕೇಳಬೇಕಾದ್ದು ಅದಲ್ಲ. ನನ್ನ ಕೂಸಿಗೆ, ಈ ಆಸ್ಪತ್ರೆಯಲ್ಲಿ, ಆ ರಾತ್ರಿ ಡ್ಯೂಟಿಯಲ್ಲಿ ಇರುವವರ ಕೈಯಲ್ಲಿ ಯಾವುದು ಆದೀತು ಅಂತ ಕೇಳಬೇಕು.

ಮೊದಲು ಕಷ್ಟ ಎಲ್ಲಿದೆ ಅಂತ ತಿಳಿಯಿರಿ. ಕೂಸಿನ ಮೈಯಲ್ಲಿ ದೊಡ್ಡದು, ಗಟ್ಟಿಯಾದ್ದು ತಲೆ. ತಲೆ ಮುಂದಿದ್ದರೆ ಅದಕ್ಕೆ ತಾಸುಗಟ್ಟಲೆ ಸಮಯ ಸಿಗುತ್ತದೆ, ದಾರಿಗೆ ತಕ್ಕ ಹಾಗೆ ಸ್ವಲ್ಪ ಒತ್ತಿಕೊಂಡು ಇಳಿಯುತ್ತದೆ. ಬ್ರೀಚ್‌ನಲ್ಲಿ ತಲೆ ಕೊನೆಗೆ. ಮೈ ಹೊರಗೆ ಬಂದಾಗ ಬಳ್ಳಿ ತಲೆಯ ಪಕ್ಕ ಅದುಮಿರುತ್ತದೆ. ಆಮೇಲೆ ಇರುವುದು ಕೆಲವೇ ನಿಮಿಷ. ಹೆದರಿ ಎಳೆದರೆ ಕೈಗಳು ತಲೆಯ ಮೇಲಕ್ಕೆ ಹೋಗುತ್ತವೆ, ಗದ್ದ ಮೇಲೇಳುತ್ತದೆ, ಇನ್ನೂ ಸಿಕ್ಕಿಕೊಳ್ಳುತ್ತದೆ. ಬಿಗಿಯಾದ ಅಂಗಿಯನ್ನು ಕೂಸಿನ ತಲೆಯಿಂದ ಜಗ್ಗಿ ತೆಗೆಯಲು ಹೋದರೆ ಆಗುತ್ತದಲ್ಲ, ಹಾಗೆ. ಪಳಗಿದ ಕೈ ಅಂದರೆ ಎಳೆಯದೆ ಕಾಯುವ ಕೈ, ಸಮಯ ಬಂದಾಗ ತೋಳು, ತಲೆ ಹೇಗೆ ಬಿಡಿಸಬೇಕು ಅಂತ ಗೊತ್ತಿರುವ ಕೈ.

ಅಂಥ ಕೈಗಳು ಈಗ ಕಡಿಮೆ. 2000ರಲ್ಲಿ 26 ದೇಶಗಳ 2,088 ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಯೋಜನೆ ಮಾಡಿ ಸಿಸೇರಿಯನ್ ಮಾಡಿದ ಗುಂಪಿನಲ್ಲಿ ಕೂಸಿನ ಸಾವು ಅಥವಾ ಗಂಭೀರ ತೊಂದರೆ ನೂರಕ್ಕೆ 1.6. ಸಹಜ ಹೆರಿಗೆಯ ಗುಂಪಿನಲ್ಲಿ 5. ಆಮೇಲೆ ಜಗತ್ತಿನ ಹೆಚ್ಚಿನ ಕಡೆ ಬ್ರೀಚ್ ಅಂದರೆ ಆಪರೇಷನ್ ಅಂತಾಯಿತು, ಹೊಸ ವೈದ್ಯರಿಗೆ ಕಲಿಯಲು ಹೆರಿಗೆಗಳೇ ಸಿಗಲಿಲ್ಲ. ಅದೇ ಅಧ್ಯಯನದ ಮಕ್ಕಳಲ್ಲಿ ಒಂದಷ್ಟನ್ನು ಎರಡು ವರ್ಷಕ್ಕೆ ಮತ್ತೆ ನೋಡಿದಾಗ, ಸಾವು ಮತ್ತು ಬೆಳವಣಿಗೆಯ ಕುಂದು ಸೇರಿಸಿದರೆ ಎರಡೂ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಈ ಎರಡನೇ ಸುದ್ದಿ ಅಷ್ಟಾಗಿ ಹಬ್ಬಲಿಲ್ಲ.

ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2017ರ ಮಾರ್ಗಸೂಚಿಯ ಲೆಕ್ಕ ಹೀಗಿದೆ. ಕೂಸು ತೀರಿಹೋಗುವ ಅಪಾಯ, 39 ವಾರದ ನಂತರದ ಸಿಸೇರಿಯನ್‌ನಲ್ಲಿ ಎರಡು ಸಾವಿರಕ್ಕೆ ಒಂದು. ತಲೆ ಮುಂದಿರುವ ಸಹಜ ಹೆರಿಗೆಯಲ್ಲಿ ಸಾವಿರಕ್ಕೆ ಒಂದು. ಬ್ರೀಚ್ ಸಹಜ ಹೆರಿಗೆಯಲ್ಲಿ ಸಾವಿರಕ್ಕೆ ಎರಡು. ಎಲ್ಲವೂ ಸಣ್ಣ ಸಂಖ್ಯೆಗಳೇ. ಆದರೆ ಅವು ಅಲ್ಲಿನ ಆಸ್ಪತ್ರೆಗಳ ಲೆಕ್ಕ. ತಾಲ್ಲೂಕಿನ ಪುಟ್ಟ ನರ್ಸಿಂಗ್ ಹೋಮಿಗೆ ರಾತ್ರಿ ಎರಡು ಗಂಟೆಗೆ ಅವನ್ನು ಅಂಟಿಸಬೇಡಿ. ಇನ್ನೊಂದು: ಬ್ರೀಚ್ ಸಹಜ ಹೆರಿಗೆ ಅಂತ ಹೊರಟವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿಗೆ ಕೊನೆಗೆ ತುರ್ತು ಸಿಸೇರಿಯನ್ ಆಗುತ್ತದೆ.

ಆಪರೇಷನ್ನಿಗೂ ಬೆಲೆ ಇದೆ, ಅದನ್ನು ತಾಯಿ ಮುಂದಿನ ಬಸಿರಿನಲ್ಲಿ ಕಟ್ಟುತ್ತಾಳೆ. ಮುಂದಿನ ಸಲ ಮಾಸು ಹಳೇ ಹೊಲಿಗೆಯ ಮೇಲೆ ಕಚ್ಚಿಕೊಳ್ಳಬಹುದು. ಬ್ಯಾನಿ (ಹೆರಿಗೆ ನೋವು) ಬಂದಾಗ ಹೊಲಿಗೆ ಬಿಡುವ ಅಪಾಯ ಸುಮಾರು ಇನ್ನೂರಕ್ಕೆ ಒಂದು. ಹಾಗಂತ ‘ಒಮ್ಮೆ ಕೊಯ್ದರೆ ಯಾವಾಗಲೂ ಕೊಯ್ಯಬೇಕು’ ಅನ್ನುವುದು ಸುಳ್ಳು. ದೊಡ್ಡ ಆಸ್ಪತ್ರೆಯಲ್ಲಿ ಎರಡನೆಯದು ಸಹಜವಾಗಿ ಆಗಬಹುದು. ಒಂದೋ ಎರಡೋ ಮಕ್ಕಳು ಸಾಕು ಅನ್ನುವವಳಿಗೆ ಈ ಲೆಕ್ಕ ಬೇರೆ, ಇನ್ನೂ ಬೇಕು ಅನ್ನುವವಳಿಗೆ ಬೇರೆ.

ಈಗ ವೈದ್ಯರ ಮುಂದೆ ಕೂತು ನೇರ ಕೇಳಿ: ‘ಡಾಕ್ಟರ್ರ, ಬ್ರೀಚ್ ಕೂಸನ್ನ ಕೆಳಗಿನಿಂದ ನೀವು ಹೆರಿಗೆ ಮಾಡಿಸೀರೇನ್ರಿ? ಇತ್ತೀಚಿಗೆ ಎಷ್ಟು?’ ರಾತ್ರಿ ನೀವಿಲ್ಲದಿದ್ದರೆ ಯಾರು ಬರುತ್ತಾರೆ? ಅರಿವಳಿಕೆಯವರು ಆಸ್ಪತ್ರೆಯಲ್ಲೇ ಇರುತ್ತಾರೋ ಫೋನ್ ಮಾಡಿ ಕರೆಸಬೇಕೋ? ಮಕ್ಕಳ ವೈದ್ಯರು? ರಕ್ತ? ಕೇಳಿದರೆ ಸಿಟ್ಟಾಗುತ್ತಾರೆ ಅನ್ನುವ ಅಳುಕು ಬೇಡ. ಒಳ್ಳೆಯ ವೈದ್ಯರು ಸಿಟ್ಟಾಗಿದ್ದನ್ನು ನಾನು ಕಂಡಿಲ್ಲ. ಕೇಳುವಾಗ ಹೆಂಡತಿ ಮುಂದೆ ಕೂರಲಿ, ಗಂಡ ಪಕ್ಕದಲ್ಲಿರಲಿ, ಉಳಿದವರು ಹೊರಗೆ ಚಹಾ ಕುಡಿಯಲಿ.

ನನ್ನ ಮಾತು ಕೇಳಿದರೆ: ಚೊಚ್ಚಲು, ಕೂಸು ತಿರುಗಲಿಲ್ಲ, ಪಳಗಿದ ಕೈ ಇಲ್ಲ ಅಂದರೆ 39 ವಾರ ತುಂಬಿದ ಮೇಲೆ ಸಿಸೇರಿಯನ್ ಮಾಡಿಸಿ. ಅದರಲ್ಲಿ ಸೋಲೇನಿಲ್ಲ. ಹಿಂದೆ ಸಹಜವಾಗಿ ಹೆತ್ತಿದ್ದಾಳೆ, ಫ್ರ್ಯಾಂಕ್ ಇದೆ, ತಲೆ ಬಾಗಿದೆ, ತೂಕ ತೀರಾ ಕಡಿಮೆ ಇಲ್ಲ, 3.8 ಕಿಲೋ ದಾಟಿಲ್ಲ, ಅನುಭವ ಇರುವ ವೈದ್ಯರು ಹಗಲು-ರಾತ್ರಿ ಸಿಗುತ್ತಾರೆ ಅಂದರೆ ಸಹಜ ಹೆರಿಗೆಯ ಮಾತಾಡಬಹುದು. ಇದರಲ್ಲಿ ಒಂದು ತಪ್ಪಿದರೂ ಹಟ ಬೇಡ.

ದುಡ್ಡಿನ ಭಯಕ್ಕೆ ತೀರ್ಮಾನ ಮುಂದೂಡಬೇಡಿ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲ ಉಚಿತ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇರಲಿ, ಗದಗದ ಜಿಮ್ಸ್ ಇರಲಿ, ಜಿಲ್ಲಾಸ್ಪತ್ರೆ ಇರಲಿ, ಬ್ಯಾನಿ ಬರುವ ಮುಂಚೆಯೇ ಹೋಗಿ ಹೆಸರು ಬರೆಸಿ.

ಹಂತ 5: ದಿನ ಗೊತ್ತುಮಾಡಿ, ಚೀಲ ತುಂಬಿ

ಅಮಾವಾಸ್ಯೆ ಬೇಡ ಅಂದರೆ 39 ವಾರ ದಾಟಿದ ಮೇಲೆ ಒಂದು ದಿನ ಆಚೀಚೆ ಕೇಳಿ. ಒಳ್ಳೇ ನಕ್ಷತ್ರ ಅಂತ 37ಕ್ಕೇ ಎಳೆದರೆ ಉಸಿರಿಗೆ ಒದ್ದಾಡುವುದು ಕೂಸು, ಪಂಚಾಂಗ ನೋಡಿದವರಲ್ಲ. ಆಪರೇಷನ್ ದಿನ ಬೆಳಿಗ್ಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ತಾನಾಗಿಯೇ ತಿರುಗಿರುವ ಕೂಸುಗಳೂ ಇರುತ್ತವೆ.

ಹಂತ 6: ಮೊದಲೇ ನೀರು ಒಡೆದರೆ

108ಕ್ಕೆ ಫೋನ್ ಮಾಡಿ, ‘ಬ್ರೀಚ್, ನೀರು ಒಡೆದಿದೆ’ ಅನ್ನಿ. ಸ್ನಾನ, ಪೂಜೆ, ಅತ್ತಿಗೆ ಬರಲಿ ಅಂತ ಕಾಯುವುದು, ಯಾವುದೂ ಬೇಡ. ಬಳ್ಳಿ ಕಂಡರೆ ಅಥವಾ ಕೈಗೆ ಸಿಕ್ಕರೆ ಮುಟ್ಟಬೇಡಿ, ಒಳಗೆ ತಳ್ಳಬೇಡಿ. ತಾಯಿ ಮಂಡಿಯೂರಿ, ಎದೆ ನೆಲಕ್ಕೆ ಹಚ್ಚಿ, ಕುಂಡಿ ಮೇಲೆತ್ತಿ ಇರಲಿ. ಗಾಡಿಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಸೊಂಟದ ಕೆಳಗೆ ದಿಂಬು ಇಡಿ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹತ್ತಿರದಲ್ಲೇ ಥಿಯೇಟರ್ ಇರುವ ಆಸ್ಪತ್ರೆ ಬಿಟ್ಟು ಅಷ್ಟು ದೂರ ಹೋಗಬೇಡಿ.

ಹಂತ 7: ಹುಟ್ಟಿದ ಮೇಲೆ ಸೊಂಟ ತೋರಿಸಿ

ಬ್ರೀಚ್ ಆಗಿದ್ದ ಕೂಸುಗಳಿಗೆ ಸೊಂಟದ ಕೀಲು ಸಡಿಲ ಇರುವ ಸಂಭವ ಜಾಸ್ತಿ. ಹೆರಿಗೆ ಹೇಗೇ ಆಗಿರಲಿ, ಹುಟ್ಟಿದಾಗ ಮಕ್ಕಳ ವೈದ್ಯರು ನೋಡಬೇಕು, ಆರು ವಾರಕ್ಕೆ ಸೊಂಟದ ಸ್ಕ್ಯಾನ್ ಆಗಬೇಕು. ಬೇಗ ಗೊತ್ತಾದರೆ ಪಟ್ಟಿ ಕಟ್ಟಿ ಸರಿಮಾಡುತ್ತಾರೆ. ನಡೆಯಲು ಶುರುಮಾಡಿದ ಮೇಲೆ ಗೊತ್ತಾದರೆ ಆಪರೇಷನ್ನೇ ಬೇಕಾಗಬಹುದು. ಫ್ರ್ಯಾಂಕ್ ಆಗಿದ್ದ ಕೂಸು ಒಂದಷ್ಟು ದಿನ ಕಾಲು ಮುಖದ ಹತ್ತಿರವೇ ಇಟ್ಟುಕೊಂಡಿರುತ್ತದೆ. ಎರೆಯಲು ಬರುವ ಅಮ್ಮನಿಗೆ ಮೊದಲ ದಿನವೇ ಹೇಳಿಬಿಡಿ: ಎಣ್ಣೆ ಹಚ್ಚಿ ಕಾಲು ಜಗ್ಗಿ ನೆಟ್ಟಗೆ ಮಾಡುವುದು ಬೇಡ, ಎರಡೂ ಕಾಲು ಕೂಡಿಸಿ ಬಿಗಿಯಾಗಿ ಸುತ್ತುವುದೂ ಬೇಡ. ಅವರು ಮುನಿಸಿಕೊಂಡರೆ ಎರಡು ದಿನ ನೀವೇ ಎರೆಯಿರಿ.