ಪಾಸ್ ತಗೊಳ್ಳದೆ ಜಪಾನ್: ಆರು ಜನ, 12 ರಾತ್ರಿ

"ರೈಲ್ ಪಾಸ್ ಇಲ್ಲದೆ ಜಪಾನಾ? ಅದೂ ಅಪ್ಪ ಅಮ್ಮನ್ನ ಕರ್ಕೊಂಡು? ದುಡ್ಡು ನೀರಾಗುತ್ತೆ ನೋಡು." ಹೊರಡುವ ಮುಂಚೆ ಈ ಮಾತು ಹೇಳದವರೇ ಇಲ್ಲ. (ಪಾಸ್ ಅಂದರೆ ಒಂದೇ ಸಲ ದುಡ್ಡು ಕೊಟ್ಟು, ಇಷ್ಟು ದಿನ ಅಂತ ರೈಲಿನಲ್ಲಿ ಎಷ್ಟು ಬೇಕಾದರೂ ಓಡಾಡೋ ಪ್ರವಾಸಿಗರ ಟಿಕೆಟ್.) ಭಾವ ಅಂತೂ ಕಾಗದ ತಗೊಂಡು ಲೆಕ್ಕ ಹಾಕಿಯೇ ತೋರಿಸಿದರು. 2024ರ ನವೆಂಬರ್‌ನಲ್ಲಿ ಹೋಗಿ ಬಂದೆವು. ಪಾಸ್ ಇಲ್ಲದೆಯೇ ಕಡಿಮೆಗೆ ಆಗುತ್ತೆ ಅಂತ ನಾನು ಹೇಳಿದ ಹಾಗೇ ಲೆಕ್ಕ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ 74, ಮಂಡಿ ನೋವು. ಅಮ್ಮನಿಗೆ 69. ನಾನು, ಹೆಂಡತಿ, 11 ವರ್ಷದ ಮಗಳು, 4 ವರ್ಷದ ಮಗ. ವೀಸಾ, ವಿಮಾನ, ಸಿಮ್ ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡುತ್ತೇನೆ.

ಮೊದಲು 2019ರ ಕಥೆ ಹೇಳಲೇಬೇಕು. ಆಗ ಏಳು ದಿನದ ಪಾಸ್ ತಲೆಗೆ ಸುಮಾರು 29,000 ಯೆನ್ ಇತ್ತು. ಎಲ್ಲರಿಗೂ ತಗೊಂಡೆ. ಕೈಗೆ ಪಾಸ್ ಬಂದ ಮೇಲೆ ಕೊಟ್ಟ ದುಡ್ಡು ವಸೂಲಿ ಮಾಡಲೇಬೇಕು ಅನ್ನೋ ಹಟ ಹತ್ತಿತು. ಟೋಕಿಯೋ, ಕನಜಾವಾ, ಕ್ಯೋಟೋ, ಹಿರೋಶಿಮಾ, ಮತ್ತೆ ಟೋಕಿಯೋ. ದಿನಾ ಪೆಟ್ಟಿಗೆ ಕಟ್ಟು, ಬಿಚ್ಚು. ಶಿಂಜುಕು ಸ್ಟೇಷನ್‌ನಲ್ಲಿ ತಪ್ಪು ದಾರಿಯಲ್ಲಿ ಹೊರಗೆ ಬಂದು, ಲಿಫ್ಟ್ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಐದನೇ ದಿನ ಕ್ಯೋಟೋ ಸ್ಟೇಷನ್‌ನ ಆ 171 ಮೆಟ್ಟಿಲ ಸಾಲಿದೆಯಲ್ಲ, ಅದರ ಬುಡದಲ್ಲಿ ಅಪ್ಪ ಕೂತುಬಿಟ್ಟರು. "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ಸಿಟ್ಟಿನಿಂದಲ್ಲ, ಸುಮ್ನೆ ಅಂದರು. ಅದೇ ನನಗೆ ಜಾಸ್ತಿ ಚುಚ್ಚಿತು. ಅಲ್ಲಿಂದ ಎರಡು ವರ್ಷ ಅವರು ಜಪಾನ್ ಹೆಸರೇ ಎತ್ತಲಿಲ್ಲ.

ನಮ್ಮನ್ನು ಓಡಿಸಿದ್ದು ಪಾಸ್ ಅಂತ ಅರ್ಥ ಆಗೋದಕ್ಕೆ ಸಮಯ ಹಿಡಿಯಿತು. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 50,000 ಯೆನ್‌ಗೆ ಏರಿದಾಗ ಎಲ್ಲರೂ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ದಾರಿ ಕಂಡಿತು.

ಈ ಸಲ ಎರಡೇ ಊರು. ಟೋಕಿಯೋದ ಉಯೆನೋದಲ್ಲಿ ಐದು ರಾತ್ರಿ, ಕ್ಯೋಟೋದಲ್ಲಿ ಏಳು. ಇಳಿಯೋದು ಟೋಕಿಯೋದಲ್ಲಿ, ವಾಪಸ್ ಹತ್ತೋದು ಕ್ಯೋಟೋ ಕಡೆಯ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ. ಆದ್ದರಿಂದ ಶಿಂಕಾನ್ಸೆನ್ (ಬುಲೆಟ್ ರೈಲು) ದುಡ್ಡು ಒಂದೇ ಕಡೆಗೆ. ದಿನಕ್ಕೆ ಒಂದೇ ಜಾಗ, ಅದೂ ಬೆಳಿಗ್ಗೆಯೇ. ಮಧ್ಯಾಹ್ನ ಅಪ್ಪ ಅಮ್ಮನಿಗೆ ನಿದ್ದೆ, ಮಗನಿಗೂ ನಿದ್ದೆ. ಸಂಜೆ ಮನಸ್ಸಿದ್ದವರು ಹೊರಗೆ.

ಲೆಕ್ಕ ಕೇಳಿ. ಪಾಸ್ ಆಗಿದ್ದರೆ ನಾಲ್ಕು ದೊಡ್ಡವರಿಗೆ ಎರಡು ಲಕ್ಷ, ಮಗಳ ಅರ್ಧ ಸೇರಿ 2,25,000 ಯೆನ್. ನಾವು ಟೋಕಿಯೋದಿಂದ ಕ್ಯೋಟೋಗೆ ಅತಿ ವೇಗದ ಶಿಂಕಾನ್ಸೆನ್ ರೈಲು ನೊಜೋಮಿಯಲ್ಲಿ ತಲೆಗೆ 14,000ದ ಹಾಗೆ ಕೊಟ್ಟೆವು. ಮಗಳಿಗೆ ಅರ್ಧ, ಮಗ ತೊಡೆ ಮೇಲೆ, ಅವನಿಗೆ ಟಿಕೆಟ್ ಬೇಕಿಲ್ಲ. ಒಟ್ಟು 63,000 ಆಸುಪಾಸು. ಮೆಟ್ರೋ, ಪಕ್ಕದ ಊರು ನಾರಾ, ವಿಮಾನ ನಿಲ್ದಾಣ ಎಲ್ಲ ಸೇರಿದರೂ ರೈಲಿನ ಖರ್ಚು 1,20,000 ದಾಟಲಿಲ್ಲ. ಉಳಿದ ದುಡ್ಡಿನಲ್ಲಿ ಅಪ್ಪನಿಗೆ ಬೇಕೆಂದಾಗ ಟ್ಯಾಕ್ಸಿ. ವಸತಿಗೆ 12 ರಾತ್ರಿಗೆ ಮೂರೂವರೆ ಲಕ್ಷ ಯೆನ್ ಹಾಗೆ ಆಯಿತು. ಕ್ಯೋಟೋದಲ್ಲಿ ಅಡುಗೆಮನೆ ಇರೋ, ಆರು ಜನ ಮಲಗೋ ಮನೆ ಅಷ್ಟಕ್ಕೆ ಹೇಗೆ ಸಿಕ್ಕಿತು ಅಂತ ಎಲ್ಲರೂ ಕೇಳುತ್ತಾರೆ. ಅದೊಂದು ನನ್ನ ಹತ್ತಿರವೇ ಇರಲಿ, ಮತ್ತೆ ಹೋಗೋದಿದೆ.

ಶಿಂಕಾನ್ಸೆನ್‌ನಲ್ಲಿ ಫೂಜಿ ಕಾಣೋದು ಕ್ಯೋಟೋ ಕಡೆ ಹೋಗುವಾಗ ಬಲಗಡೆ, ಕಿಟಕಿ ಸೀಟು 'ಇ'. 2019ರಲ್ಲಿ ಎಡಗಡೆ ಕೂತು ಕಳೆದುಕೊಂಡಿದ್ದೆವು. ಈ ಸಲ ಟೋಕಿಯೋ ಬಿಟ್ಟು ಮುಕ್ಕಾಲು ಗಂಟೆಗೆ ಪೂರ್ತಿ ಬೆಟ್ಟ ಕಂಡಿತು, ತುದಿಯಲ್ಲಿ ತೆಳ್ಳಗೆ ಹಿಮ. ಅಮ್ಮ ಕೈ ಮುಗಿದರು.

ಲಗೇಜ್ ವಿಷಯದಲ್ಲಿ ಮಾತ್ರ ಎಡವಿದೆ. ನಾಲ್ಕು ದೊಡ್ಡ ಪೆಟ್ಟಿಗೆಗಳನ್ನು ಅಲ್ಲಿನ ಪಾರ್ಸೆಲ್ ಸೇವೆ ತಕುಹೈಬಿನ್‌ನಲ್ಲಿ ಮುಂದೆ ಕಳಿಸಿದೆ, ಎಲ್ಲ ಸೇರಿ 10,000 ಯೆನ್ ಸಮೀಪ. ಹೊರಡುವ ದಿನ ಬೆಳಿಗ್ಗೆ ಕೊಟ್ಟೆ. ಅದು ತಲುಪೋದು ಮಾರನೇ ದಿನ ಅನ್ನೋದು ನನಗೆ ಗೊತ್ತಿತ್ತು. ಅಪ್ಪನ ಬಿಪಿ ಮಾತ್ರೆ ಅದರೊಳಗೆ ಹೋಗಿದೆ ಅನ್ನೋದು ಗೊತ್ತಿರಲಿಲ್ಲ. ರಾತ್ರಿ ಊಟ ಆದ ಮೇಲೆ ತಿಳಿಯಿತು. ಕೈಕಾಲು ತಣ್ಣಗಾಯಿತು. ಅಮ್ಮ ಏನೂ ಮಾತಾಡದೆ ತಮ್ಮ ಪರ್ಸಿನಿಂದ ಒಂದು ಸ್ಟ್ರಿಪ್ ತೆಗೆದು ಕೊಟ್ಟರು. ಪೆಟ್ಟಿಗೆಯನ್ನು ಹಿಂದಿನ ದಿನವೇ ಕೊಟ್ಟುಬಿಡಿ. ಮಾತ್ರೆ ಯಾವತ್ತೂ ಕೈಚೀಲದಲ್ಲೇ ಇರಲಿ.

ಇಷ್ಟೆಲ್ಲ ಮಾಡಿದ್ದು ಕ್ಯೋಟೋದ ಫುಶಿಮಿ ಇನಾರಿ ದೇಗುಲದ ಆ ಒಂದು ಬೆಳಿಗ್ಗೆಗಾಗಿ ಅಂತ ಈಗ ಅನಿಸುತ್ತೆ. ಕ್ಯೋಟೋ ಸ್ಟೇಷನ್‌ನಿಂದ ಎರಡನೇ ನಿಲ್ದಾಣ, ಆಗ 150 ಯೆನ್. ಒಳಗೆ ಹೋಗಲು ದುಡ್ಡಿಲ್ಲ, ಬಾಗಿಲು ಹಾಕೋದೂ ಇಲ್ಲ. ಆರು ಗಂಟೆಗೆ ಅಲ್ಲಿದ್ದೆವು, ದೀಪ ಇನ್ನೂ ಆರಿರಲಿಲ್ಲ. ಕೆಂಪು ಕಮಾನುಗಳ ಸಾಲಿನಲ್ಲಿ ಅಪ್ಪನ ಕೋಲಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಲ್ಲಿನ ನರಿಗಳ ಕತ್ತಿಗೆ ಕೆಂಪು ಬಟ್ಟೆ, ಒಂದರ ಬಾಯಲ್ಲಿ ಬೀಗದ ಕೈ. ಅದು ಭತ್ತದ ಕಣಜದ ಬೀಗದ ಕೈ ಅಂದಾಗ ಅಪ್ಪ ಹತ್ತಿರ ಹೋಗಿ ಬಗ್ಗಿ ನೋಡಿದರು. ಹತ್ತುವಾಗ ಬರೀ ಕೆಂಪಾಗಿ ಕಂಡ ಕಂಬಗಳ ಮೇಲೆ ಇಳಿಯುವಾಗ ಕರಿ ಅಕ್ಷರ ಕಾಣುತ್ತೆ. ಕಮಾನು ಕೊಟ್ಟವರ ಹೆಸರು, ಕೊಟ್ಟ ದಿನ. ಅಮ್ಮ ಒಂದು ಅಕ್ಷರದ ಮೇಲೆ ಬೆರಳಾಡಿಸುತ್ತಾ ನಿಂತರು. ಬೆಟ್ಟದ ತುದಿಗೆ ನಾವು ಹೋಗಲಿಲ್ಲ. ಹೋಗಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ಎಂಟು ಗಂಟೆಗೆ ಕೆಳಗೆ ಬಂದಾಗ ಜನ ಬರತೊಡಗಿದ್ದರು.

ಊಟದ ತೊಂದರೆ ಗೊತ್ತೇ ಇದೆ. ಅಪ್ಪ ಅಮ್ಮ ಮೀನು ಮುಟ್ಟಲ್ಲ, ಅಲ್ಲಿ ಸಾರಿಗೆಲ್ಲ ದಾಶಿ, ಅಂದರೆ ಹೆಚ್ಚಾಗಿ ಮೀನಿನ ನೀರು. ತರಕಾರಿ ಉದೋನ್ (ದಪ್ಪ ನೂಡಲ್ಸ್) ಅಂದರೂ ಅದೇ. ಎರಡು ದಿನ ಹೋಟೆಲ್ ಹುಡುಕಿ ಬಿಟ್ಟೆ. ಆಮೇಲೆ ಮನೆಯಲ್ಲೇ ಅನ್ನ, ಸಕ್ಕರೆ ಇಲ್ಲದ ಮೊಸರಿನ ಡಬ್ಬ, ತೋಫು, ಸುಟ್ಟ ಗೆಣಸು. ಸಂಜೆ ಹೊತ್ತು ಸೂಪರ್‌ಮಾರ್ಕೆಟ್‌ನಲ್ಲಿ ಅರ್ಧ ಬೆಲೆಯ ಚೀಟಿ ಅಂಟಿಸಲು ಶುರು ಮಾಡುತ್ತಾರೆ, ಮಗಳಿಗೆ ಅದನ್ನು ಹುಡುಕೋದೇ ಆಟ.

ಒಂದು ದಿನ ಕ್ಯೋಟೋದಿಂದ ಕೋಟೆ ನೋಡಲು ಹಿಮೆಜಿಗೆ ಹೋಗುವಾಗ ಪ್ರಯೋಗ ಮಾಡಿದೆವು. ಹೆಂಡತಿ, ಅಪ್ಪ ಅಮ್ಮ, ಮಗ ಶಿಂಕಾನ್ಸೆನ್‌ನಲ್ಲಿ, ನಾನು ಮಗಳು ಮಾಮೂಲಿ ವೇಗದ ರೈಲಿನಲ್ಲಿ. ನಮಗೆ ಒಂದೂವರೆ ಗಂಟೆ, ಅವರಿಗೆ ಅದರ ಅರ್ಧ. ಆದರೆ ನಮ್ಮದು ಅರ್ಧಕ್ಕಿಂತ ಕಡಿಮೆ ದುಡ್ಡು, ಜೊತೆಗೆ ಕಡಲ ಪಕ್ಕದ ದಾರಿ, ಅಕಾಶಿ ಸೇತುವೆಯೂ ಕಂಡಿತು. ಅವರು ನೋಡಿದ್ದೆಲ್ಲ ಸುರಂಗ. ಕೋಟೆಯೊಳಗಿನ ಮರದ ಮೆಟ್ಟಿಲು ಬಹಳ ಕಡಿದು. ಅಪ್ಪ ಅಮ್ಮ ಕೆಳಗೆ ಮರದಡಿ ಕೂತರು, ಈ ಸಲ ಅವರಿಗೆ ಅದರಲ್ಲಿ ಬೇಸರ ಇರಲಿಲ್ಲ.

ವಿಮಾನ ಟಿಕೆಟ್ ಬಿಟ್ಟು ಆರು ಜನಕ್ಕೆ ಒಟ್ಟು ಆರೂವರೆ ಲಕ್ಷ ಯೆನ್ ಸುಮಾರು. ಭಾವನ ಕಾಗದದಲ್ಲಿ ಎಂಟು ಇತ್ತು.

ಇನ್ನೊಂದು ಮಾತು. 2019ರ, ಮೊದಲೇ ದುಡ್ಡು ತುಂಬಿಸಿ ರೈಲಿಗೆ ಬಳಸೋ ಸುಯಿಕಾ ಕಾರ್ಡ್‌ಗಳನ್ನು ನಾನು ಎತ್ತಿಟ್ಟಿದ್ದೆ. ಕೊನೆಯ ಸಲ ಬಳಸಿದ ಮೇಲೆ ಹತ್ತು ವರ್ಷ ನಡೆಯುತ್ತವೆ, ಹಳೆಯ ದುಡ್ಡೂ ಹಾಗೇ ಇತ್ತು. ಈ ಸಲ ಕನ್ಸಾಯ್‌ನಲ್ಲಿ ಅವನ್ನು ಮತ್ತೆ ಪೆಟ್ಟಿಗೆಗೆ ಹಾಕಲು ಹೋದಾಗ ಅಪ್ಪ ತಮ್ಮದನ್ನು ಕೊಡಲಿಲ್ಲ. "ನನ್ನ ಹತ್ರಾನೇ ಇರಲಿ" ಅಂತ ಜೇಬಿಗೆ ಹಾಕಿಕೊಂಡರು.