ದುಡ್ಡು ಕೊಟ್ಟು ಪಡೆಯುವ ಒಂದು ಗಂಟೆಯ ಸಲಹೆ: ತಯಾರಿ ಹೇಗೆ?

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗೆ ಬಿಲ್ಲಿಂಗ್ ಆ್ಯಪ್, ಹಳ್ಳಿಯ ಹಾಲಿನ ಡೇರಿಗೆ ಲೆಕ್ಕದ ತಂತ್ರಾಂಶ, ಮಾಲೂರು, ನರಸಾಪುರದ ಸಣ್ಣ ಕಾರ್ಖಾನೆಗೆ ಹಾಜರಿ ವ್ಯವಸ್ಥೆ. ಇಂಥ ಕೆಲಸವನ್ನು ಒಬ್ಬರೇ ಕೂತು ಮಾಡಿಕೊಡುವ ಡೆವಲಪರ್‌ಗೆ ಪಕ್ಕದ ಮೇಜಿನಲ್ಲಿ ಕೇಳಲು ಹಿರಿಯರಿರುವುದಿಲ್ಲ. ಗಂಟೆಗೆ ಇಷ್ಟು ಎಂದು ಶುಲ್ಕ ಪಡೆದು ವಿಡಿಯೊ ಕರೆಯಲ್ಲಿ ಸಲಹೆ ಕೊಡುವ ತಜ್ಞರು ಆ ಕೊರತೆ ತುಂಬಬಲ್ಲರು. ಆದರೆ ಆ ಗಂಟೆಯಿಂದ ಏನು ಸಿಗುತ್ತದೆ ಎಂಬುದು ಬಹುಪಾಲು ಕರೆಗೆ ಮುಂಚೆಯೇ ತೀರ್ಮಾನವಾಗಿರುತ್ತದೆ.

ಮೊದಲು ಲೆಕ್ಕ

ನಿಮ್ಮ ದರ ಗಂಟೆಗೆ ₹500 ಎಂದುಕೊಳ್ಳಿ. ಒಂದು ತೊಡಕಿನಲ್ಲಿ ಮೂರು ದಿನ ಸಿಕ್ಕಿಕೊಂಡರೆ, ದಿನಕ್ಕೆ 8 ಗಂಟೆಯಂತೆ 24 ಗಂಟೆ, ಅಂದರೆ ₹12,000 ಹೋಯಿತು. ತಜ್ಞರ ಶುಲ್ಕ ₹4,000, ನಿಮ್ಮ ತಯಾರಿಯ ಎರಡು ಗಂಟೆಗೆ ₹1,000. ಸಲಹೆಯಿಂದ ಅರ್ಧ ಸಮಯ, ಅಂದರೆ ₹6,000 ಉಳಿದರೂ ₹1,000 ಲಾಭವೇ. ಎರರ್ ಸಂದೇಶವನ್ನು ದಾಖಲಾತಿಯಲ್ಲಿ ಹುಡುಕಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುವಂತಿದ್ದರೆ ಈ ಖರ್ಚು ಬೇಡ. ಡೇಟಾಬೇಸ್ ವಿನ್ಯಾಸ, ಭದ್ರತೆ, ಬೆಲೆ ನಿಗದಿಯಂಥ, ಒಮ್ಮೆ ಮಾಡಿದರೆ ಬದಲಿಸುವುದು ಕಷ್ಟವಾಗುವ ತೀರ್ಮಾನಗಳಿಗೆ ಇದನ್ನು ಮೀಸಲಿಡಿ.

ಒಂದೇ ಪ್ರಶ್ನೆ

‘ನನ್ನ ಆ್ಯಪ್ ಹೇಗಿದೆ, ನೋಡಿ ಹೇಳಿ’ ಎಂದರೆ ಗಂಟೆಯೆಲ್ಲ ಪರಿಚಯದಲ್ಲೇ ಕಳೆಯುತ್ತದೆ. ಪ್ರಶ್ನೆ ಹೀಗಿರಲಿ: ‘ಮಂಡಿಯಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ಒಂದೇ ಬಿಲ್ ಸರ್ವರ್‌ನಲ್ಲಿ ಎರಡು ಸಲ ದಾಖಲಾಗುತ್ತಿದೆ. 15 ಕೆ.ಜಿ.ಯ 40 ಬಾಕ್ಸ್ ತಂದ ರೈತರ ಲೆಕ್ಕದಲ್ಲಿ 80 ಬಾಕ್ಸ್ ಕಾಣುತ್ತದೆ. ಒಂದು ಬಿಲ್ಲನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತನ್ನು (ಐಡಿ) ಫೋನ್ ಸೃಷ್ಟಿಸಬೇಕೋ, ಸರ್ವರ್ ಸೃಷ್ಟಿಸಬೇಕೋ?’ ಇದರಲ್ಲಿ ತೊಂದರೆಯಿದೆ, ಅದರ ಪರಿಣಾಮವಿದೆ, ಆರಿಸಬೇಕಾದ ಎರಡು ದಾರಿಗಳಿವೆ. ತಜ್ಞರು ಮೊದಲ ನಿಮಿಷದಿಂದಲೇ ಕೆಲಸ ಶುರು ಮಾಡಬಹುದು.

ಒಂದು ಪುಟದ ಟಿಪ್ಪಣಿ

ಕರೆಗೆ ಕನಿಷ್ಠ ಒಂದು ದಿನ ಮುಂಚೆ ಕಳಿಸಿ. ಏನಾಗಬೇಕಿತ್ತು, ಏನಾಗುತ್ತಿದೆ ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಭಾಷೆ, ಫ್ರೇಮ್‌ವರ್ಕ್, ಡೇಟಾಬೇಸ್‌ಗಳ ಆವೃತ್ತಿ ಸಂಖ್ಯೆ, ದಿನಕ್ಕೆ ಎಷ್ಟು ಬಿಲ್, ಏಕಕಾಲಕ್ಕೆ ಎಷ್ಟು ಫೋನ್, ತಿಂಗಳಿಗೆ ಸರ್ವರ್‌ಗೆ ಎಷ್ಟು ಖರ್ಚು ಮಾಡಬಲ್ಲಿರಿ ಎಂಬುದೂ ಇರಲಿ. ಖರ್ಚಿನ ಮಿತಿ ಹೇಳದಿದ್ದರೆ ದೊಡ್ಡ ಕಂಪನಿಗೆ ಒಪ್ಪುವ, ನಿಮ್ಮ ಕೈಗೆಟುಕದ ಪರಿಹಾರ ಬರುತ್ತದೆ. ಈಗಾಗಲೇ ಮಾಡಿ ನೋಡಿದ್ದನ್ನೂ ಅದರ ಫಲಿತಾಂಶವನ್ನೂ ಬರೆಯದೆ ಬಿಡಬೇಡಿ, ಇಲ್ಲದಿದ್ದರೆ ಅದನ್ನೇ ಮತ್ತೆ ಮಾಡಲು ಹೇಳುತ್ತಾರೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಧಾನವಾಗಿದೆ ಎನ್ನುವವರು, ನಿಧಾನವಾದ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಹೇಗೆ ನಡೆಯಿತು, ಎಷ್ಟು ಸಮಯ ಹಿಡಿಯಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಫಲಿತಾಂಶವನ್ನು ಜೊತೆಗಿಡಿ. ಎಚ್ಚರಿಕೆ: ಅನಲೈಜ್ ಸೇರಿಸಿದರೆ ಕ್ವೆರಿ ನಿಜವಾಗಿಯೂ ನಡೆಯುತ್ತದೆ. ಮಾಹಿತಿ ಬದಲಿಸುವ ಅಪ್‌ಡೇಟ್, ಅಳಿಸುವ ಡಿಲೀಟ್‌ಗಳಾದರೆ, ಮಾಡಿದ್ದನ್ನು ಕೊನೆಗೆ ಹಿಂದಕ್ಕೆ ಪಡೆಯುವಂತೆ ಬಿಗಿನ್ ಮತ್ತು ರೋಲ್‌ಬ್ಯಾಕ್ ನಡುವೆ ಇಟ್ಟೇ ಓಡಿಸಿ, ಅದೂ ಪರೀಕ್ಷಾ ಪ್ರತಿಯ ಮೇಲೆ.

ಬೆಂಗಳೂರಿನ ತಜ್ಞರಾದರೆ ಕನ್ನಡ, ಇಂಗ್ಲಿಷ್ ಬೆರೆಸಿ ಬರೆದರೂ ನಡೆಯುತ್ತದೆ. ವಿದೇಶದವರಾದರೆ ಟಿಪ್ಪಣಿ ಸರಳ ಇಂಗ್ಲಿಷಿನಲ್ಲಿರಲಿ. ಮಾತು ತಡವರಿಸಿದರೂ ಟಿಪ್ಪಣಿ ಕಾಪಾಡುತ್ತದೆ.

ಏನನ್ನು ತೋರಿಸಬಾರದು

ರೈತರ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಅಸಲಿ ಡೇಟಾಬೇಸನ್ನು ಯಾರಿಗೂ ಕಳಿಸಬೇಡಿ. ಅದು ನಿಮ್ಮನ್ನು ನಂಬಿ ಕೊಟ್ಟ ಮಾಹಿತಿ. ಸುಳ್ಳು ಹೆಸರುಗಳ ನೂರು ಸಾಲಿನ ಮಾದರಿ ಸಾಕು. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಪಡೆದ ಗುಪ್ತ ಸಂಕೇತ) ಇರುವ ಕಡತ, ಕೋಡಿನ ಎಲ್ಲ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಸೇರಿಹೋಗಿದ್ದರೆ, ಹೊಸ ಕಮಿಟ್‌ನಲ್ಲಿ (ಬದಲಾವಣೆಯ ದಾಖಲೆ) ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಹಳೆಯ ಇತಿಹಾಸದಲ್ಲಿ ಉಳಿದಿರುತ್ತದೆ. ಈ ಇತಿಹಾಸವೆಲ್ಲ ಇರುವ ಕೋಡ್ ಸಂಗ್ರಹವನ್ನು (ರೆಪೊಸಿಟರಿ) ಹಂಚುವ ಮೊದಲು ಆ ಕೀಗಳನ್ನು ರದ್ದು ಮಾಡಿ ಹೊಸದನ್ನು ಪಡೆಯಿರಿ.

ಯಾರನ್ನು ಕೇಳುವುದು

ಅವರು ಸಾರ್ವಜನಿಕವಾಗಿ ಇಟ್ಟಿರುವ ಕೋಡ್ ಓದಿ, ಬೇರೆಯವರ ದೂರುಗಳಿಗೆ ಹೇಗೆ ಉತ್ತರಿಸಿದ್ದಾರೆ ನೋಡಿ. ಬುಕ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: ‘ಇಂಥ ಸಮಸ್ಯೆಯನ್ನು ಹಿಂದೆ ನಿಭಾಯಿಸಿದ್ದೀರಾ? ಎಲ್ಲಿ ಕೈಕೊಟ್ಟಿತು?’ ಕೈಕೊಟ್ಟ ಜಾಗವನ್ನು ಬಿಡಿಸಿ ಹೇಳಬಲ್ಲವರು ಸಾಮಾನ್ಯವಾಗಿ ಕೆಲಸ ಮಾಡಿರುತ್ತಾರೆ. ಎಲ್ಲಕ್ಕೂ ಗ್ಯಾರಂಟಿ ಕೊಡುವವರನ್ನು ಬಿಟ್ಟುಬಿಡಿ. ಟಿಪ್ಪಣಿ ಓದುವ ಸಮಯಕ್ಕೂ ಶುಲ್ಕವಿದೆಯೇ, ಕರೆ ರದ್ದಾದರೆ ಹಣ ವಾಪಸ್ಸೇ, ಆಮೇಲೆ ಒಂದು ಇಮೇಲ್ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ ಎಂಬ ಮೂರನ್ನೂ ಬರಹದಲ್ಲಿ ಪಡೆಯಿರಿ.

ಕ್ಯಾಲಿಫೋರ್ನಿಯಾದವರೊಂದಿಗೆ ಸಮಯ ಗೊತ್ತು ಮಾಡುವಾಗ ನಮ್ಮ ರಾತ್ರಿ 9.30 ಅವರಿಗೆ ಚಳಿಗಾಲದಲ್ಲಿ ಬೆಳಿಗ್ಗೆ 8, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಬೆಳಿಗ್ಗೆ 9 ಎಂಬುದು ನೆನಪಿರಲಿ. ಈ ಬದಲಾವಣೆ ಗಮನಿಸದೆ ಕರೆ ತಪ್ಪಿಸಿಕೊಂಡು ಶುಲ್ಕ ಕಳೆದುಕೊಳ್ಳುವವರಿದ್ದಾರೆ.

ಕರೆಯ ಹೊತ್ತಿನಲ್ಲಿ

ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಕರೆಂಟ್ ಹೋದರೆ ಬದಲಿಸಲು ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ, ಪರದೆಯ ಅಕ್ಷರ ದೊಡ್ಡದು ಮಾಡಿ. ಮೊದಲ ಹತ್ತು ನಿಮಿಷದಲ್ಲಿ ತೊಂದರೆಯನ್ನು ಕಣ್ಣೆದುರು ಮಾಡಿ ತೋರಿಸಿ. ಕೊನೆಯ ಹತ್ತು ನಿಮಿಷ ತೆಗೆದಿಟ್ಟುಕೊಂಡು, ನಿಮಗೆ ಅರ್ಥವಾದುದನ್ನು ನಿಮ್ಮ ಮಾತಿನಲ್ಲಿ ಹೇಳಿ, ತಪ್ಪಿದ್ದರೆ ತಿದ್ದಲು ಕೇಳಿ. ರೆಕಾರ್ಡಿಂಗ್‌ಗೆ ಮೊದಲೇ ಅನುಮತಿ ಪಡೆಯಬೇಕು. ‘ನೀವು ಹೇಳಿದ್ದು ಯಾವ ಪರಿಸ್ಥಿತಿಯಲ್ಲಿ ತಪ್ಪಾಗುತ್ತದೆ?’ ಎಂದು ಕೇಳಲು ಹಿಂಜರಿಯಬೇಡಿ. ಬಹಳ ಸಲ ಅತ್ಯಂತ ಬೆಲೆಬಾಳುವ ಉತ್ತರ ಇದಕ್ಕೇ ಬರುತ್ತದೆ.

ಸಲಹೆಯನ್ನು ಪರೀಕ್ಷಿಸುವುದು

ಮೇಲಿನ ಮಂಡಿ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಉತ್ತರ: ಗುರುತನ್ನು ಫೋನೇ ಸೃಷ್ಟಿಸಲಿ, ಬೇರೊಂದಕ್ಕೆ ಹೊಂದಿಕೆಯಾಗದಂತೆ ಹುಟ್ಟಿಸುವ ಉದ್ದನೆಯ ಗುರುತಾದ ಯುಯುಐಡಿ ಸಾಕು. ಆದರೆ ಅದು ಹುಟ್ಟಬೇಕಾದ್ದು ಬಿಲ್ ಬರೆದಾಗ, ‘ಕಳಿಸು’ ಗುಂಡಿ ಒತ್ತಿದಾಗಲ್ಲ. ಒತ್ತಿದಾಗ ಹುಟ್ಟಿದರೆ ಎರಡನೇ ಯತ್ನಕ್ಕೆ ಹೊಸ ಗುರುತು ಬಂದು ಮತ್ತೆ ಎರಡು ಬಿಲ್ ಆಗುತ್ತವೆ. ಆ್ಯಪ್ ಮುಚ್ಚಿ ತೆರೆದರೂ ಗುರುತು ಉಳಿಯುವಂತೆ ಫೋನಿನ ಡೇಟಾಬೇಸ್‌ನಲ್ಲಿ ಬರೆದಿಡಬೇಕು. ಸರ್ವರ್‌ನಲ್ಲಿ ‘ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಕೋಡ್ ಬರೆದರೆ ಸಾಲದು. ಎರಡು ವಿನಂತಿ ಒಟ್ಟಿಗೆ ಬಂದರೆ ಎರಡಕ್ಕೂ ‘ಇಲ್ಲ’ ಎಂದೇ ಕಂಡು ಎರಡೂ ಸೇರುತ್ತವೆ. ಗುರುತಿನ ಕಾಲಂಗೆ ಡೇಟಾಬೇಸ್‌ನಲ್ಲೇ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆ) ಹಾಕಬೇಕು. ಅದೇ ಗುರುತಿನಲ್ಲಿ ಬೇರೆ ಮೊತ್ತ ಬಂದರೆ ಸದ್ದಿಲ್ಲದೆ ನುಂಗದೆ ತಿರಸ್ಕರಿಸಬೇಕು.

ಏರೋಪ್ಲೇನ್ ಮೋಡ್ ಹಾಕಿ ನೋಡುವುದರಿಂದ ಇದು ಪರೀಕ್ಷೆಯಾಗುವುದಿಲ್ಲ, ಏಕೆಂದರೆ ಆಗ ವಿನಂತಿ ಸರ್ವರ್‌ಗೆ ತಲುಪುವುದೇ ಇಲ್ಲ. ಬಿಲ್ ಉಳಿದು, ‘ಉಳಿಯಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಬೇಕು. ಪರೀಕ್ಷಾ ಸರ್ವರ್‌ನಲ್ಲಿ ಬಿಲ್ ಉಳಿಸಿದ ಮೇಲೆ 15 ಸೆಕೆಂಡ್ ತಡಮಾಡಿ ಉತ್ತರಿಸುವಂತೆ ಮಾಡಿ, ಫೋನಿನ ಕಾಯುವ ಮಿತಿಯನ್ನು 10 ಸೆಕೆಂಡ್‌ಗೆ ಇಡಿ. ಫೋನ್ ಮತ್ತೆ ಕಳಿಸುತ್ತದೆ. ಆಗ ಡೇಟಾಬೇಸ್‌ನಲ್ಲಿ ಆ ಬಿಲ್ಲಿನ ಸಾಲು ಎಣಿಸಿ, ಒಂದೇ ಇರಬೇಕು. ಜೂನ್–ಜುಲೈನಲ್ಲಿ ಟೊಮೆಟೊ ಆವಕ ಏರಿರುವಾಗ ಈ ಬದಲಾವಣೆಯನ್ನು ಮಂಡಿಗೆ ಬಿಡಬೇಡಿ.

ಪಾವತಿ, ರಸೀದಿ

ವಿದೇಶಕ್ಕೆ ಕಾರ್ಡಿನಲ್ಲಿ ಕಟ್ಟುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆ ಆನ್ ಮಾಡಬೇಕು, ಮುಗಿದ ಮೇಲೆ ಆಫ್ ಮಾಡಿ. ಹಲವು ಬ್ಯಾಂಕ್‌ಗಳು ಕರೆನ್ಸಿ ಬದಲಾವಣೆಗೆ ಶೇ 2ರಿಂದ 3.5ರಷ್ಟು ಹೆಚ್ಚುವರಿ ಹಿಡಿಯುತ್ತವೆ, ಆ ಹೆಚ್ಚುವರಿ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೇರೆ. ನಿಮ್ಮ ವ್ಯಾಪಾರದ ಹೆಸರಿಗೆ, ಸೇವೆಯ ವಿವರ ಮತ್ತು ದಿನಾಂಕ ಇರುವ ಇನ್‌ವಾಯ್ಸ್ ಕೇಳಿ ಪಡೆಯಿರಿ. ಜಿಎಸ್‌ಟಿ ನೋಂದಣಿ ಇರುವವರು ವಿದೇಶಿ ಸಲಹೆಗೆ ರಿವರ್ಸ್ ಚಾರ್ಜ್‌ನಂತೆ (ಸೇವೆ ಕೊಟ್ಟವರ ಬದಲು ಪಡೆದವರು ಕಟ್ಟುವ ಕ್ರಮ) ತಾವೇ ತೆರಿಗೆ ಕಟ್ಟಬೇಕಾಗುತ್ತದೆ. ನೋಂದಣಿ ಇಲ್ಲದವರು ವಿದೇಶಿ ಪಾವತಿ ಮಾಡುವ ಮೊದಲೇ ಆಡಿಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ.