ತೋಳಿನ ಚರ್ಮಕ್ಕೆ ಟಕ್ಸ್ ಹಾಕಲಾಗುವುದಿಲ್ಲ

ಉಡುಪಿಯಲ್ಲಿ ರವಿಕೆ ಹೊಲಿಯುವವಳು ನಾನು. ಇಪ್ಪತ್ತೆರಡು ವರ್ಷದಿಂದ ಬೇರೆಯವರ ತೋಳಿಗೆ ಟೇಪು ಸುತ್ತಿದ್ದೇ ಸುತ್ತಿದ್ದು. ಹನ್ನೊಂದು ತಿಂಗಳಲ್ಲಿ 84 ಕೆಜಿಯಿಂದ 65ಕ್ಕೆ ಇಳಿದ ಮೇಲೆ ನನ್ನವೇ ಹಳೆಯ ರವಿಕೆಗಳನ್ನು ಬಿಚ್ಚಿ ಸಣ್ಣ ಮಾಡಲು ಕೂತೆ. ತೋಳಿನ ಸುತ್ತಳತೆ ಹದಿನೈದೂವರೆ ಇಂಚಿನಿಂದ ಹನ್ನೆರಡೂವರೆಗೆ ಬಂದಿತ್ತು. ಆದರೆ ಕೈ ಎತ್ತಿದರೆ ಚರ್ಮ ಹಗ್ಗದ ಮೇಲಿನ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. "ಎಂತ ಮಾರಾಯ್ತಿ, ಜ್ವರ ಬಂದಿತ್ತಾ?" ಅಂತ ಅತ್ತಿಗೆ ಕೇಳಿದ್ದು ಅದೇ ವಾರ.

ತಪ್ಪು ನನ್ನದೇ. ಬೆಳಿಗ್ಗೆ ತಿಳಿಗಂಜಿ, ಮಧ್ಯಾಹ್ನ ಮುಳ್ಳುಸೌತೆ, ರಾತ್ರಿ ಒಂದು ಚಪಾತಿ. ಮೀನನ್ನೂ ಬಿಟ್ಟಿದ್ದೆ. ಕೊಬ್ಬಿನ ಜೊತೆಗೆ ಚರ್ಮದ ಅಡಿಯಲ್ಲಿರಬೇಕಾದ ಮಾಂಸಖಂಡವೂ ಕರಗಿತ್ತು.

ಎಲ್ಲರ ಹಾಗೆ ನಾನೂ ಮೊದಲು ಹೋದದ್ದು ಮಾತ್ರೆಯ ಹಿಂದೆ. ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್ ಅನ್ನುವ ಕೊಲಾಜೆನ್‌ನ ಪುಡಿ, ಜೊತೆಗೆ 10 ಮಿಲಿಗ್ರಾಂ ಬಯೋಟಿನ್, ಅಂದರೆ ಒಂದು ಬಿ ವಿಟಮಿನ್. ಎರಡು ತಿಂಗಳಾದರೂ ತೋಳು ಹಾಗೇ ಇತ್ತು, ಥೈರಾಯ್ಡ್ ರಿಪೋರ್ಟ್ ಮಾತ್ರ ಏರುಪೇರಾಗಿ ಬಂತು. "ಬಯೋಟಿನ್ ತಗೊಳ್ತೀರಾ?" ಅಂತ ಡಾಕ್ಟರ್ ಕೇಳಿದಾಗಲೇ ಗೊತ್ತಾದದ್ದು: ಕೆಲವು ರಕ್ತಪರೀಕ್ಷೆಗಳ ವಿಧಾನದಲ್ಲೇ ಬಯೋಟಿನ್ ಬಳಕೆಯಾಗುತ್ತದೆ, ಮಾತ್ರೆಯದ್ದು ರಕ್ತದಲ್ಲಿ ಹೆಚ್ಚಿದ್ದರೆ ಲೆಕ್ಕ ತಪ್ಪುತ್ತದೆ. ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ಕೊಟ್ಟೆ, ಎಲ್ಲ ಸರಿ ಇತ್ತು. ಹೋದದ್ದು ನಾಲ್ಕು ರೇಷ್ಮೆ ರವಿಕೆಯ ಮಜೂರಿ.

ಆಮೇಲೆ ಡಯೆಟಿಷಿಯನ್ ಒಬ್ಬರು ತಿಳಿಸಿ ಹೇಳಿದರು. ಅವರ ಮಾತು ನನಗೆ ಅರ್ಥವಾದದ್ದು ನೂಲಿನ ಲೆಕ್ಕದಲ್ಲಿ. ಮೂರು ಎಳೆ ಹುರಿ ಮಾಡಿದ ದಾರದ ಹಾಗೆ ಕೊಲಾಜೆನ್. ಎಳೆಗೆ ಬೇಕಾದ್ದು ಪ್ರೋಟೀನು, ಹುರಿ ಬಿಚ್ಚಿಕೊಳ್ಳದೆ ಗಟ್ಟಿಯಾಗಿ ನಿಲ್ಲಲು ವಿಟಮಿನ್ ಸಿ. ಚರ್ಮವನ್ನು ಹಿಂದಕ್ಕೆಳೆಯುವ ಎಲಾಸ್ಟಿನ್ ಬೇರೆಯೇ. ಅದು ಲಂಗದ ಎಲಾಸ್ಟಿಕ್ ಇದ್ದ ಹಾಗೆ, ವರ್ಷಗಟ್ಟಲೆ ಎಳೆದು ಲೂಸ್ ಆದ ಮೇಲೆ ಯಾವ ವಿಟಮಿನ್ನೂ ಅದನ್ನು ಮೊದಲಿನ ಹಾಗೆ ಮಾಡುವುದಿಲ್ಲ. ಇದನ್ನು ಯಾವ ಡಬ್ಬಿಯ ಮೇಲೂ ನಾನು ಓದಿರಲಿಲ್ಲ.

ನನಗೆ ಅವರು ಹೇಳಿದ್ದು ದಿನಕ್ಕೆ 70 ಗ್ರಾಂ ಪ್ರೋಟೀನ್. ಎರಡು ಮೊಟ್ಟೆಯಲ್ಲಿ 12, ಒಂದೂವರೆ ಬಂಗುಡೆಯಲ್ಲಿ ಮುಳ್ಳು ಕಳೆದು ಸುಮಾರು 28, ಐವತ್ತು ಗ್ರಾಂ ಹುರುಳಿಯಲ್ಲಿ 11. ಉಳಿದದ್ದು ಮೊಸರು, ಕುಚ್ಚಲಕ್ಕಿ ಅನ್ನದಿಂದ. ಹುರುಳಿ, ಅಂದರೆ ನಮ್ಮ ಕುಡು, ಬಸಳೆಯ ಜೊತೆ ಬೆಂದರೆ ನನಗೆ ಮೀನೂ ಬೇಡ. ಜೂನ್-ಜುಲೈಯಲ್ಲಿ ಮಲ್ಪೆಯ ಟ್ರಾಲರ್ ಬೋಟುಗಳು ದಡದಲ್ಲಿ ನಿಂತು ಮೀನಿನ ರೇಟು ಏರಿದಾಗ ಕೈ ಹಿಡಿದದ್ದು ಇದೇ. ಒಣಮೀನು ಆಗಬಹುದಿತ್ತು, ಆದರೆ ಅದರ ಉಪ್ಪು ನನ್ನ ಬಿಪಿಗೆ ಆಗದು.

ವಿಟಮಿನ್ ಸಿ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಪಟ್ಟಿ ಹೇಳುತ್ತದೆ. ಹಿತ್ತಲಿನ ಒಂದು ಪೇರಳೆಯೇ ಅದಕ್ಕಿಂತ ಜಾಸ್ತಿ ಕೊಡುತ್ತದೆ. ನೆಲ್ಲಿಕಾಯಿಯನ್ನು ಬೇಯಿಸದೆ ತಂಬುಳಿ ಮಾಡುತ್ತೇನೆ, ಬಿಸಿಗೆ ಸಿ ನಾಶವಾಗುತ್ತದೆ. ವಿಟಮಿನ್ ಎ ಮಾತ್ರೆ ನುಂಗಲೇ ಇಲ್ಲ. ಅದು ಹೆಚ್ಚಾದರೆ ಲಿವರಿನಲ್ಲಿ ಸೇರಿಕೊಳ್ಳುತ್ತದೆ, ಬಸುರಿಯರಿಗಂತೂ ಅಪಾಯ. ಹರಿವೆ, ನುಗ್ಗೆಸೊಪ್ಪು ಸಾಕು.

ತಿನ್ನುವುದರಿಂದಲೇ ಆಯಿತು ಅಂದರೆ ಸುಳ್ಳು. ಎರಡು ಲೀಟರಿನ ಬಾಟಲಿಗಳಿಗೆ ನೀರು ತುಂಬಿಸಿ ವಾರಕ್ಕೆ ಮೂರು ದಿನ ಎತ್ತಿದೆ. ಮೊದಲ ತಿಂಗಳು ಕೈ ನಡುಗಿ ಸೂಜಿಗೆ ದಾರ ಪೋಣಿಸಲಿಕ್ಕೂ ಆಗುತ್ತಿರಲಿಲ್ಲ. ಬಿಸಿಲೂ ಕೊಲಾಜೆನನ್ನು ಹಾಳು ಮಾಡುತ್ತದೆಂದು ಗೊತ್ತಾದ ಮೇಲೆ ಸ್ಕೂಟರಿಗೆ ಉದ್ದ ತೋಳಿನ ಹತ್ತಿ ಕೋಟು ಹೊಲಿದುಕೊಂಡೆ.

ಎಂಟು ತಿಂಗಳಾಯಿತು. ತೋಳಿನ ಅಳತೆ ಕಾಲು ಇಂಚು ಹೆಚ್ಚಾಗಿದೆ, ಜೋಲು ಅರ್ಧದಷ್ಟು ಕಡಿಮೆಯಾಗಿದೆ. ಮೊಣಕೈ ತನಕ ಇಡುತ್ತಿದ್ದ ರವಿಕೆಯ ತೋಳನ್ನು ಈಗ ಮೂರು ಇಂಚು ಗಿಡ್ಡ ಮಾಡಿದ್ದೇನೆ. ಎರಡು ಹೆರಿಗೆಯಾದ ಹೊಟ್ಟೆಯ ಚರ್ಮ ಮಾತ್ರ ಹಾಗೇ ಉಂಟು. ಅದು ಆಪರೇಷನ್ನಿನಿಂದಲೇ ಹೋಗಬೇಕು ಅಂದರು ಡಾಕ್ಟರ್. ಸದ್ಯಕ್ಕೆ ಸೀರೆ ಎರಡು ಬೆರಳು ಮೇಲೆ ಕಟ್ಟುತ್ತಿದ್ದೇನೆ.